ಹೊಲದ ಗೆರೆಯೂ ಗಣಕದ ಗೆರೆಯೂ

ಒಕ್ಕಲಿಗನಿಗೆ ಹೊಲದ ಬದುವು ಮನೆಯ ಗೋಡೆಯಷ್ಟೇ ಮಹತ್ತ್ವದ್ದು. ಜಮಖಂಡಿ, ಮುಧೋಳ ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ಪ್ರತ್ಯೇಕವಾಯಿತು. ಸರಕಾರಗಳು ಬದಲಾದರೂ ಗಡಿಯ ನಿರ್ಣಯಕ್ಕೆ ಬಾಂದುಕಲ್ಲೇ ಆಧಾರವಾಗಿ ಉಳಿಯಿತು. ಈಗ ಆ ಕಲ್ಲುಗಳ ನಡುವಣ ಗೆರೆಗಳು ಕಾಗದದಿಂದ ಗಣಕಯಂತ್ರಕ್ಕೆ ಇಳಿಯುತ್ತಿವೆ. ಈ ಕಾರ್ಯದ ರೀತಿಯನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಗ್ರಾಮಮುಖಂಡರೂ ಭೂಮಾಲಿಕರೂ ಅರಿತಿರುವುದು ಅವಶ್ಯವು.

ಮುಂಬಯಿ ಪದ್ಧತಿಯ ಮೋಜಣಿಯಲ್ಲಿ ಸರಪಳಿಯ ಉದ್ದವು ೩೩ ಅಡಿ. ಅದಕ್ಕೆ ೧೬ ಆಣೆ. ಒಂದು ಸರಪಳಿ ಚೌಕವೇ ಒಂದು ಗುಂಟೆ. ೪೦ ಗುಂಟೆಗೆ ಒಂದು ಎಕರೆ. ಗ್ರಾಮದ ನಕಾಶೆಯನ್ನು ಅಂಗುಲಕ್ಕೆ ೨೦ ಸರಪಳಿಯ ಪ್ರಮಾಣದಲ್ಲಿ ಬರೆಯುವ ರೂಢಿಯಿತ್ತು. ಇಂಥ ನಕಾಶೆಯಲ್ಲಿ ಅರ್ಧ ಮಿಲಿಮೀಟರು ದಪ್ಪದ ಗೆರೆಯು ನೆಲದ ಮೇಲೆ ಸುಮಾರು ೧೩ ಅಡಿ ಅಗಲವನ್ನು ಮುಚ್ಚುತ್ತದೆ. ೬೬೦ ಅಡಿ ಉದ್ದದ ಬದುವಿನ ಗೆರೆಯು ಅಷ್ಟು ಸರಿದರೆ, ಸುಮಾರು ೮ ಗುಂಟೆ ನೆಲವು ನೆರೆಯವನ ಪಾಲಿಗೆ ಹೋದಂತೆ ತೋರುವುದು.

ಗಣಕದಲ್ಲಿ ಮೊದಲು ನಕಾಶೆಯ ಚಿತ್ರವನ್ನು ಇರಿಸಿ, ನೆಲದ ಮೇಲೆ ಈಗಲೂ ಕಾಣುವ ಗಡಿಗಲ್ಲುಗಳ ಅಕ್ಷಾಂಶ ರೇಖಾಂಶಗಳಿಗೆ ಅದನ್ನು ಹೊಂದಿಸುವರು. ಅನಂತರ ಹೊಲದ ಒಂದೊಂದು ಮೂಲೆಯಲ್ಲಿಯೂ ಬಿಂದುವನ್ನಿಟ್ಟು ಗೆರೆಯನ್ನು ಎಳೆಯುವರು. ಇಲ್ಲಿ ಮೂರು ದೋಷಗಳು ಸಂಭವಿಸುವುವು. ಗೆರೆಯ ತುದಿಯು ಪಕ್ಕದ ಗೆರೆಯನ್ನು ಮುಟ್ಟದಿದ್ದರೆ ಹೊಲವು ಮುಚ್ಚಿಕೊಳ್ಳದು, ಕ್ಷೇತ್ರವೂ ದೊರೆಯದು. ಇಬ್ಬರಿಗೆ ಸೇರಿದ ಒಂದೇ ಬದುವನ್ನು ಎರಡು ಸಲ ಎಳೆದರೆ, ನಡುವೆ ಯಾರಿಗೂ ಸೇರದ ಅಥವಾ ಇಬ್ಬರಿಗೂ ಸೇರಿದ ಪಟ್ಟಿಯೊಂದು ಹುಟ್ಟುವುದು. ಹಳ್ಳದ ತಿರುವಿಗೆ ಬಿಂದುಗಳು ಸಾಲದಿದ್ದರೆ ಡೊಂಕಾದ ಗಡಿಯು ನೆಟ್ಟಗಾಗುವುದು. ಹೊಸ ಗೆರೆಯ ತುದಿಯು ಹಳೆಯ ಬಿಂದುವಿಗೆ ತಾನಾಗಿ ಕೂಡಿಕೊಳ್ಳುವ ‘ಸ್ನ್ಯಾಪಿಂಗ್’ ಎಂಬ ಏರ್ಪಾಡಿನಿಂದ ಮೊದಲಿನ ಎರಡು ದೋಷಗಳನ್ನೂ, ಬಿಂದುಗಳನ್ನು ಹೆಚ್ಚಿಸುವುದರಿಂದ ಮೂರನೆಯದನ್ನೂ ನೀಗಬಹುದು. ಆದರೆ ತಪ್ಪಾದ ಕಲ್ಲಿಗೆ ಸರಿಯಾಗಿ ಕೂಡಿದ ಗೆರೆಯನ್ನು ಯಂತ್ರವು ತಪ್ಪೆಂದು ಹೇಳಲಾರದು. ಅದನ್ನು ಹೇಳತಕ್ಕವನು ಹೊಲದವನೇ.

ಕೃಷ್ಣಾ, ಘಟಪ್ರಭೆಗಳ ದಂಡೆಯಲ್ಲಿ ಈ ಎಚ್ಚರವು ಇನ್ನೂ ಹೆಚ್ಚು ಬೇಕು. ಆಲಮಟ್ಟಿಯ ನೀರಿನ ಮಟ್ಟವನ್ನು ೫೧೯.೬ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ೨೦೧೦ರಲ್ಲಿ ಸಮ್ಮತಿಸಿತು. ಮುಳುಗಡೆಯ ಗೆರೆಯು ಹೊಲವನ್ನು ಸೀಳಿ ಹೋಗುವಲ್ಲಿ, ಎಷ್ಟು ಗುಂಟೆಗೆ ಪರಿಹಾರವೆಂಬುದು ಎರಡು ಗೆರೆಗಳಿಂದ ನಿರ್ಣಯವಾಗುವುದು: ಒಂದು ನೀರಿನದು, ಇನ್ನೊಂದು ನಿಮ್ಮ ಬದುವಿನದು.

ಆದುದರಿಂದ ಭೂಮಾಲಿಕರು ಬಾಂದುಕಲ್ಲುಗಳನ್ನು ಜೋಪಾನ ಮಾಡತಕ್ಕದ್ದು. ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮವೂ ಈ ಹೊಣೆಯನ್ನು ಅವರ ಮೇಲೆಯೇ ಇರಿಸಿದೆ. ಮೋಜಣಿದಾರರು ಬಂದಾಗ ನೆರೆಹೊರೆಯವರೊಡನೆ ಹೊಲದಲ್ಲಿ ಹಾಜರಿದ್ದು, ಹೊಸ ನಕ್ಷೆಯನ್ನು ಹಳೆಯ ಟಿಪ್ಪಣಿಯೊಡನೆ ಹೋಲಿಸಿ ನೋಡಬೇಕು. ‘ದಿಶಾಂಕ್’ ಎಂಬ ಮೊಬೈಲ್ ಸಾಧನವು ನಿಂತ ಜಾಗದ ಸರ್ವೆ ನಂಬರನ್ನು ತಿಳಿಸುವುದಾದರೂ ಅದು ಅಳತೆಯ ಬದಲಿಗೆ ನಿಲ್ಲಲಾರದು. ವ್ಯತ್ಯಾಸವು ಕಂಡೊಡನೆ ಲಿಖಿತವಾಗಿ ತಕರಾರು ಸಲ್ಲಿಸುವುದು ಲೇಸು. ಇಂದು ಬಿಂದುವೊಂದನ್ನು ಸರಿಸಿ ತಿದ್ದಬಹುದಾದ ತಪ್ಪಿಗಾಗಿ ನಾಳೆ ಮಕ್ಕಳು ಕಚೇರಿಗಳಿಗೆ ಅಲೆಯುವಂತಾಗಬಾರದು.