ಹಾಜಿ ಅಲಿಗೆ ಹೋಗುವ ಮುನ್ನ ಚಂದ್ರನನ್ನು ಕೇಳಿ

ಮುಂಬಯಿಯ ಇಂಡಸ್ಟ್ರಿಯಲ್ ವಿಸಿಟ್‌ಗೆ ನಾವು ಟಿಕೆಟ್ಟು, ಊಟ, ಲೋಕಲ್ ಟ್ರೈನು ಎಲ್ಲ ಪ್ಲಾನ್ ಮಾಡಿದ್ದೆವು. ಚಂದ್ರನ ವಿಷಯ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ವರ್ಲಿ ದಡದಲ್ಲಿ ಇಳಿದು ನೋಡಿದರೆ, ಹಾಜಿ ಅಲಿ ದರ್ಗಾ ಮತ್ತು ಅದರ ಮಸೀದಿ ಸಮುದ್ರದ ನಡುವೆ ಬೆಳ್ಳಗೆ ನಿಂತಿವೆ, ಹೋಗೋದಕ್ಕೆ ದಾರಿಯೇ ಇಲ್ಲ! ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ ಉದ್ದದ ಕಲ್ಲುಹಾದಿ ಪೂರ್ತಿ ನೀರಿನಡಿ. ದಡದಲ್ಲಿ ಹೂವು ಮಾರುವವರು "ಮೂರು ಗಂಟೆ ಕಾಯಿರಿ" ಅಂದರು. ರಾತ್ರಿ ನಮ್ಮ ಟ್ರೈನು. ಅರ್ಧ ಜನ ಕೊಲಾಬಾಕ್ಕೆ ಶಾಪಿಂಗ್ ಅಂತ ಹೊರಟರು. ನಾವು ಎಂಟು ಮಂದಿ ಉಳಿದೆವು.

ಕಾಯುವಾಗಲೇ ಮೊಬೈಲ್ ತೆಗೆದು ಉಬ್ಬರವಿಳಿತದ ಪಟ್ಟಿ ನೋಡಿದ್ದು. ಅದನ್ನು ಹಿಂದಿನ ದಿನವೇ ನೋಡಬೇಕಿತ್ತು, ಬಿಡಿ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಾರಿ ತೆರೆಯುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ನೀರು ಇನ್ನೂ ಎತ್ತರ ಏರುತ್ತದೆ, ಮತ್ತು ಮುಂಬಯಿಯಲ್ಲಿ ಆ ದಿನಗಳ ಉಬ್ಬರ ಹೆಚ್ಚುಕಡಿಮೆ ನಡುಮಧ್ಯಾಹ್ನಕ್ಕೇ ಬೀಳುತ್ತದೆ. ನಾವು ಹೋಗಿದ್ದು ಹುಣ್ಣಿಮೆಯ ಮರುದಿನ. ಸರಿಹೋಯ್ತಲ್ಲ!

"ಈ ದಾರೀನ ಒಂದಾಳು ಎತ್ತರಿಸಿಬಿಟ್ರೆ ಏನ್ ಗಂಟು ಹೋಗುತ್ತೆ?" ಅಂತ ಮೆಕ್ಯಾನಿಕಲ್‌ನವನ ಪ್ರಶ್ನೆ. ಸಿವಿಲ್‌ನವರಿಗೆ ಇಷ್ಟು ಸಾಕಾಯಿತು. ಗಟ್ಟಿ ಒಡ್ಡನ್ನು ಎತ್ತರಿಸಿದರೆ ಅಲೆಯ ಹೊಡೆತವನ್ನೆಲ್ಲ ಅದೇ ತಿನ್ನಬೇಕು. ಬುಡದ ಮಣ್ಣೂ ಕೊರೆದುಹೋಗುವ ಭಯ. ತಗ್ಗಾಗಿದ್ದರೆ ದೊಡ್ಡ ಅಲೆ ಮೇಲಿಂದ ದಾಟಿಹೋಗುತ್ತದೆ. ಕಂಬಗಳ ಮೇಲೆ ಸೇತುವೆ ಕಟ್ಟೋಣ ಅಂದರೆ ಇನ್ನೊಂದು ತಲೆನೋವು: ಕಾಂಕ್ರೀಟಿಗೆ ಅತಿ ಕೆಟ್ಟ ಜಾಗ ನೀರಿನೊಳಗಲ್ಲ, ಅಲೆ ಚಿಮ್ಮಿ ಒದ್ದೆಯಾಗಿ ಮತ್ತೆ ಒಣಗುವ ಪಟ್ಟಿ. ಅಲ್ಲಿ ಉಪ್ಪು, ಗಾಳಿ ಎರಡೂ ಸಿಗುತ್ತವೆ. ಕ್ಲೋರೈಡ್ ಒಳಗಿಳಿದು ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸಿಡಿಸುತ್ತದೆ. ಎಕ್ಸಾಮ್‌ಗೆ ಬಾಯಿಪಾಠ ಮಾಡಿದ್ದು ಕಣ್ಣೆದುರು ಅರ್ಥವಾದ ಹೊತ್ತು ಅದು.

ನಾಲ್ಕು ಗಂಟೆ ದಾಟಿದ ಮೇಲೆ ಮೊದಲು ಒಂದು ಕಪ್ಪು ಗೆರೆ ಕಂಡಿತು, ಆಮೇಲೆ ಕಲ್ಲು, ಆಮೇಲೆ ಪೂರ್ತಿ ದಾರಿ. ಎಲ್ಲಿದ್ದರೋ ಏನೋ, ಐದೇ ನಿಮಿಷದಲ್ಲಿ ಜನಸಾಗರ. ಪಾಚಿ ಮೇಲೆ ಜಾರದಂತೆ ಚಪ್ಪಲಿ ಕೈಲಿ ಹಿಡಿದು ನಡೆದೆವು.

ಸಂತ ಪೀರ್ ಹಾಜಿ ಅಲಿ ಶಾ ಬುಖಾರಿ ಅವರ ನೆನಪಿಗೆ 1431ರಲ್ಲಿ ಈ ಸ್ಥಳ ಕಟ್ಟಿದರು ಎನ್ನುತ್ತಾರೆ. ಮೆಕ್ಕಾ ಯಾತ್ರೆಯಲ್ಲಿ ತೀರಿಕೊಂಡ ಅವರ ಶವಪೆಟ್ಟಿಗೆ ತೇಲುತ್ತ ಬಂದು ಇಲ್ಲಿನ ಬಂಡೆಗಳಿಗೆ ತಾಗಿತು ಎಂಬುದು ಜನರ ನಂಬಿಕೆ. ಸುಮಾರು 85 ಅಡಿ ಎತ್ತರದ ಮಿನಾರು, ಬಿಳಿ ಗುಮ್ಮಟ, ಅಮೃತಶಿಲೆಯ ಅಂಗಳ. ವಿಜಯಪುರದ ನಮ್ಮ ಗೆಳೆಯ ಗುಮ್ಮಟ ನೋಡಿ "ಇಷ್ಟss ಏನ್ಲೇ? ನಮ್ಮೂರಿಗೆ ಬಾ, ತೋರಸ್ತೀನಿ" ಅಂದ. ಗೋಲಗುಮ್ಮಟದ ಮುಂದೆ ಇದು ಚಿಕ್ಕದೇ, ಒಪ್ಪೋಣ. ಆದರೆ ಇಲ್ಲಿನ ಸೊಗಸು ಅಳತೆಯಲ್ಲಿಲ್ಲ. ಸುತ್ತ ಮರವಿಲ್ಲ, ಮನೆಯಿಲ್ಲ. ಇಡೀ ನಗರದ ಗೋಪುರಗಳಿಗೆ ಬೆನ್ನು ಹಾಕಿ ಒಂದೇ ಒಂದು ಮಿನಾರು ಆಕಾಶಕ್ಕೆ ನಿಂತಿದೆ. ಅದಕ್ಕೆ ದೂರದಿಂದ ಅಷ್ಟು ಎತ್ತರ ಕಾಣುತ್ತದೆ.

ಒಳಗಿನ ಸಭಾಂಗಣದಲ್ಲಿ ತಲೆ ಎತ್ತಿ ನೋಡಲೇಬೇಕು. ಅಮೃತಶಿಲೆಯ ಕಂಬಗಳ ಮೇಲೆ ನೀಲಿ, ಹಸಿರು, ಹಳದಿ ಗಾಜಿನ ಚೂರುಗಳ ಕೆಲಸ. ಆ ವಿನ್ಯಾಸದಲ್ಲೇ ಅಲ್ಲಾಹನ 99 ಹೆಸರುಗಳನ್ನು ಹೆಣೆದಿದ್ದಾರೆ. ನಾವು ಒಂದು ಹೆಜ್ಜೆ ಸರಿದರೆ ಬೆಳಕೂ ಸರಿಯುತ್ತದೆ.

ನಮ್ಮ ಗುಂಪಿನ ಮೂವರು ಹುಡುಗಿಯರು ಗೋರಿಯಿರುವ ಒಳಕೋಣೆಗೆ ಹೋಗಿಬಂದರು. ಇದನ್ನು ಯಾಕೆ ಬರೀತಿದ್ದೇವೆ ಅಂದರೆ, ಕೆಲವು ವರ್ಷ ಹೆಂಗಸರಿಗೆ ಅಲ್ಲಿ ಪ್ರವೇಶ ನಿಲ್ಲಿಸಿದ್ದರು. ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದವರು ಕೋರ್ಟಿಗೆ ಹೋದರು. 2016ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್ ಆ ನಿರ್ಬಂಧವನ್ನು ತಪ್ಪೆಂದಿತು. ಕಟ್ಟಡ ಎಷ್ಟೇ ಚಂದ ಇರಲಿ, ಬಾಗಿಲಲ್ಲೇ ನಿಲ್ಲಿಸಿದರೆ ಅವರ ಪಾಲಿಗೆ ಅದು ಹೊರಗೋಡೆ ಅಷ್ಟೇ ತಾನೆ? ಬೆಳ್ಳಿ ಚೌಕಟ್ಟು, ಕೆಂಪು ಹಸಿರು ಚಾದರ ಅಂತ ಅವರು ವರ್ಣಿಸಿದ್ದೇ ವರ್ಣಿಸಿದ್ದು.

ಹಿಂಭಾಗದ ಬಂಡೆಗಳ ಮೇಲೆ ಕೂತಾಗ ಗೋಡೆಯನ್ನು ಹತ್ತಿರದಿಂದ ನೋಡಿದೆವು. ಇಲ್ಲಿನ ಅಮೃತಶಿಲೆ ರಾಜಸ್ಥಾನದ ಮಕ್ರಾನಾದ್ದು, ತಾಜ್‌ಮಹಲಿನ ಕಲ್ಲೂ ಅಲ್ಲಿಂದಲೇ ಬಂದದ್ದು. ಹರಳುಗಳು ಒತ್ತಾಗಿ ಹೆಣೆದುಕೊಂಡಿರುವುದರಿಂದ ನೀರು ಕುಡಿಯುವುದು ಬಹಳ ಕಡಿಮೆ. ಆದರೂ ಕೂದಲೆಳೆಯಷ್ಟು ಸಂದು ಸಿಕ್ಕರೆ ಉಪ್ಪುನೀರು ನುಗ್ಗುತ್ತದೆ. ಒಣಗಿದಾಗ ಉಪ್ಪು ಹರಳುಗಟ್ಟಿ ಕಲ್ಲನ್ನು ಒಳಗಿಂದಲೇ ಒತ್ತುತ್ತದೆ. ಮೇಲೆ ನಗರದ ಹೊಗೆಯ ಆಮ್ಲ ಬೇರೆ. ಹಾಗಾಗಿ ಇಲ್ಲಿ ದುರಸ್ತಿ ಅಂದರೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

ಏಳು ಗಂಟೆ ಹೊತ್ತಿಗೆ ನೀರು ಇನ್ನೂ ಕೆಳಗೇ ಇತ್ತು, ನಮಗೆ ಏಳುವ ಮನಸ್ಸಿರಲಿಲ್ಲ. ಕೊಲಾಬಾದಿಂದ ಫೋನ್ ಬಂತು: "ಎಲ್ಲಿದ್ದೀರ್ರೋ? ಟ್ರೈನ್ ಹೋಗುತ್ತೆ!" ಒದ್ದೆ ಪ್ಯಾಂಟಿನಲ್ಲೇ ಓಡಿದೆವು. ನೀವು ಹೋಗುವುದಾದರೆ ಮೊದಲು ಉಬ್ಬರವಿಳಿತದ ಪಟ್ಟಿ ನೋಡಿ, ಆಮೇಲೆ ಟಿಕೆಟ್ ಬುಕ್ ಮಾಡಿ.