ಪಿಯಾನೋ ಮತ್ತು ಕಿರುವಾದ್ಯವೃಂದ

ಪಾಶ್ಚಾತ್ಯ ಸಂಗೀತದಲ್ಲಿ ಕಾನ್ಚೆರ್ಟೋ ಎಂಬ ರಚನೆಯೊಂದುಂಟು. ಒಂದು ವಾದ್ಯವು ವಾದ್ಯವೃಂದದ ಎದುರಿಗೆ ನಿಂತು, ಒಮ್ಮೆ ಅದರೊಡನೆ ಕೂಡಿಯೂ ಒಮ್ಮೆ ಅದರಿಂದ ಬೇರೆಯಾಗಿಯೂ ನುಡಿಯುವುದು ಇದರ ಲಕ್ಷಣ. ಪಿಯಾನೋವಿಗಾಗಿ ಇಂತಹ ರಚನೆಗಳನ್ನು ಪೂರ್ಣತೆಗೆ ತಂದವನು ಮೊಜಾರ್ಟ್ (1756–1791). ಇವುಗಳ ಹೊಸ ರೆಕಾರ್ಡೊಂದು ಕೈಗೆ ಬಂದಾಗ, ಪಿಯಾನೋ ವಾದಕನು ಯಾರೆಂದು ಮೊದಲು ನೋಡುತ್ತೇವೆ. ಅವನೊಡನೆ ನುಡಿಸುವವರು ಎಷ್ಟು ಮಂದಿ ಎಂಬುದನ್ನು ವಿಚಾರಿಸುವುದೂ ಅಷ್ಟೇ ಅವಶ್ಯಕ.

ಮೊಜಾರ್ಟನ ಪಿಯಾನೋವಿಗೆ ಇದ್ದುದು ಮರದ ಚೌಕಟ್ಟು, ಐದು ಸ್ಥಾಯಿ, ತೊಗಲು ಹೊದಿಸಿದ ಸಣ್ಣ ಸುತ್ತಿಗೆಗಳು. ನಾದವು ಸ್ಪಷ್ಟವಾಗಿ ಹುಟ್ಟಿ ಬೇಗನೆ ಅಡಗುತ್ತಿತ್ತು. ವೃಂದವೂ ಚಿಕ್ಕದು, ಆತನು ಪಿಯಾನೋವಿನ ಮುಂದೆ ಕುಳಿತೇ ಅದನ್ನು ನಡೆಸುತ್ತಿದ್ದನು. ಹತ್ತೊಂಬತ್ತನೆಯ ಶತಮಾನದಲ್ಲಿ ಪಿಯಾನೋವಿಗೆ ಕಬ್ಬಿಣದ ಚೌಕಟ್ಟು ಬಂದಿತು. ಸಭಾಂಗಣವೂ ವೃಂದವೂ ದೊಡ್ಡವಾದುವು. ಪಿಟೀಲುಗಳು ಹೆಚ್ಚಿದಂತೆಲ್ಲ ಕೊಳಲು, ಓಬೋ, ಬಸೂನ್‌ಗಳ ನುಡಿ ಅವುಗಳಲ್ಲಿ ಮುಳುಗತೊಡಗಿತು.

ಈ ನಷ್ಟವೆಷ್ಟೆಂದು ತಿಳಿಯಲು ಡಿ ಮೈನರ್ ಕಾನ್ಚೆರ್ಟೋವನ್ನು ನೋಡೋಣ. ಇದು 1785ರ ಫೆಬ್ರವರಿ 11ರಂದು ವಿಯೆನ್ನಾದಲ್ಲಿ ಮೊದಲಬಾರಿಗೆ ಸಭೆಯ ಮುಂದೆ ಬಂದಿತು. ಆ ದಿನವೇ ಊರಿಗೆ ಬಂದಿಳಿದ ತಂದೆ ಲಿಯೊಪೋಲ್ಡನು ಕಂಡದ್ದು, ಸ್ವರಲಿಪಿಯನ್ನು ಇನ್ನೂ ನಕಲುಮಾಡುತ್ತಿದ್ದ ಲಿಪಿಕಾರನನ್ನು. ಕೊನೆಯ ಭಾಗವನ್ನು ಒಮ್ಮೆ ನುಡಿಸಿನೋಡುವಷ್ಟು ಬಿಡುವೂ ಮಗನಿಗಿರಲಿಲ್ಲ! ತಾಳದ ಪೆಟ್ಟನ್ನು ತಪ್ಪಿಸಿ ಬೀಳುವ ಸ್ವರಗಳಿಂದ ವೃಂದವು ಮೆಲ್ಲನೆ, ಕಳವಳದಿಂದ ಆರಂಭಿಸುತ್ತದೆ. ಪಿಯಾನೋ ಆ ಮಾತನ್ನು ಅನುಮೋದಿಸುವುದಿಲ್ಲ. ತನ್ನದೇ ಆದ ಒಂಟಿ ಸ್ವರಧಾರೆಯೊಂದನ್ನು ತೆಗೆಯುತ್ತದೆ. ವೃಂದವು ಅದನ್ನು ಎಂದೂ ತನ್ನದಾಗಿಸಿಕೊಳ್ಳುವುದಿಲ್ಲ. ಇದು ನಮ್ಮ ಪಕ್ಕವಾದ್ಯದಂತೆ ಅನುಸರಣೆಯಲ್ಲ. ಸಮಾನರ ನಡುವಣ ವಿವಾದ. ಎರಡನೆಯ ಭಾಗವು ಶಾಂತವಾಗಿ ತೊಡಗಿದರೂ ಅದರ ನಡುವೆ ಬಿರುಗಾಳಿಯೊಂದು ಏಳುತ್ತದೆ. ಅಲ್ಲಿ ಪಿಯಾನೋವಿಗೆ ಜೊತೆಯಾಗುವುವು ಊದುವ ವಾದ್ಯಗಳು. ಅವು ಕೇಳಿಸದಿದ್ದರೆ ಬಿರುಗಾಳಿಯು ಬರಿಯ ಬೆರಳ ಚಮತ್ಕಾರವಾಗುತ್ತದೆ.

ಮೊದಲನೆಯ ಭಾಗದ ಕೊನೆಗೆ ವೃಂದವು ಸುಮ್ಮನಾಗಿ, ವಾದಕನ ಮನೋಧರ್ಮಕ್ಕೆ ಎಡೆಗೊಡುತ್ತದೆ. ಅಲ್ಲಿ ಮೊಜಾರ್ಟನು ನುಡಿಸಿದುದು ಬರಹದಲ್ಲಿ ಉಳಿದಿಲ್ಲ. ಬೀಥೋವೆನನು ಬರೆದುದನ್ನೇ ಹಲವರು ನುಡಿಸುತ್ತಾರೆ.

1933ರಲ್ಲಿ ಎಡ್ವಿನ್ ಫಿಷರನು ಈ ಕೃತಿಯನ್ನು ಲಂಡನ್ನಿನ ವೃಂದದೊಡನೆ, ಹಳೆಯ ಪದ್ಧತಿಯಂತೆ ತಾನೇ ನಡೆಸುತ್ತ ನುಡಿಸಿ ರೆಕಾರ್ಡು ಮಾಡಿದನು. ಆ ಕಾಲದ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ನಾಲ್ಕು ನಿಮಿಷ. ಅರ್ಧಗಂಟೆಯ ಸಂವಾದವು ತುಂಡುತುಂಡಾಗುತ್ತಿತ್ತು. 1948ರಲ್ಲಿ ಬಂದ ದೀರ್ಘಾವಧಿಯ ಪ್ಲೇಟು ಈ ತೊಡಕನ್ನು ಕಳೆಯಿತು. 1960ರ ದಶಕದಲ್ಲಿ ಗೇಜಾ ಆಂಡಾ ಎಂಬ ವಾದಕನು ಸಾಲ್ಜ್‌ಬರ್ಗಿನ ಕಿರುವೃಂದವನ್ನು ಪಿಯಾನೋವಿನಿಂದಲೇ ನಡೆಸಿ ಈ ಕಾನ್ಚೆರ್ಟೋಗಳನ್ನು ಸಾಲಾಗಿ ರೆಕಾರ್ಡು ಮಾಡಿದನು.

ಆದುದರಿಂದ ಹೊಸ ರೆಕಾರ್ಡನ್ನು ಪರೀಕ್ಷಿಸಲು ಸುಲಭವಾದ ಮಾರ್ಗವೊಂದುಂಟು. ಒಂದು ಸಲ ಪಿಯಾನೋವನ್ನು ಬದಿಗಿಟ್ಟು, ಓಬೋ ಬಸೂನ್‌ಗಳನ್ನೇ ಕಿವಿಯಿಂದ ಹಿಂಬಾಲಿಸಿರಿ. ಅವುಗಳ ಮಾತು ತಿಳಿಯಾಗಿ ಕೇಳಿಬಂದರೆ, ಪಿಯಾನೋ ಏತಕ್ಕೆ ಉತ್ತರ ಕೊಡುತ್ತಿದೆಯೆಂಬುದು ತಾನಾಗಿಯೇ ತಿಳಿಯುವುದು.