ಗೋಲಾದ ಕ್ಷಣ ಕಾಣುವ ಜಾಗ

ಗೋಲು ಬೀಳುವ ಹೊತ್ತಿಗೆ ಕ್ರೀಡಾಂಗಣದಲ್ಲಿ ಯಾರೂ ಕೂತಿರುವುದಿಲ್ಲ. ಚೆಂಡು ಪೆನಾಲ್ಟಿ ಆವರಣ ಹೊಕ್ಕಿತು ಎನ್ನುವಾಗಲೇ ಮುಂದಿನ ಸಾಲಿನವರು ಎದ್ದುಬಿಡುತ್ತಾರೆ. ಅವರು ಎದ್ದರೆಂದು ಹಿಂದಿನವರು, ಅವರ ಹಿಂದೆ ಇಡೀ ಗ್ಯಾಲರಿ. ನಿಂತವರ ತಲೆ ಐದೂಮುಕ್ಕಾಲು ಅಡಿ ಎತ್ತರದಲ್ಲಿದ್ದರೆ ಗಾಲಿಕುರ್ಚಿಯಲ್ಲಿ ಕೂತವರ ಕಣ್ಣು ನಾಲ್ಕು ಅಡಿಗೂ ಕೆಳಗಿರುತ್ತದೆ. ಮುಂದೆ ನಿಂತವರ ಬೆನ್ನು, ಜರ್ಸಿಯ ಮೇಲಿನ ಹೆಸರು, ಮೇಲೆತ್ತಿದ ಕೈಗಳು, ಇಷ್ಟೇ ಅವರಿಗೆ ಕಾಣುವುದು. ಎಂಬತ್ತೈದು ನಿಮಿಷದ ಆಟ ಚೆನ್ನಾಗಿ ಕಂಡರೂ ಯಾವುದಕ್ಕಾಗಿ ಬಂದರೋ ಆ ಐದು ನಿಮಿಷ ತಪ್ಪಿಹೋಗುತ್ತದೆ. ಗೋಲಾಯಿತೆಂದು ಅವರಿಗೆ ತಿಳಿಯುವುದು ಕಿವಿಯಿಂದ.

ಇಂಗ್ಲೆಂಡ್‌ನಲ್ಲಿ ಈ ಐದು ನಿಮಿಷಗಳಿಗಾಗಿ ಹೋರಾಡುತ್ತಾ ಬಂದಿರುವ ಒಂದು ಸಂಸ್ಥೆಯಿದೆ. 1998ರಲ್ಲಿ ಅಂಗವಿಕಲ ಅಭಿಮಾನಿಗಳ ರಾಷ್ಟ್ರೀಯ ಸಂಘವಾಗಿ ಹುಟ್ಟಿ, 2011ರಲ್ಲಿ ‘ಲೆವೆಲ್ ಪ್ಲೇಯಿಂಗ್ ಫೀಲ್ಡ್’ ಎಂದು ಹೆಸರು ಬದಲಿಸಿಕೊಂಡಿತು. ಏರುತಗ್ಗಿಲ್ಲದ ಮೈದಾನ ಎಂದು ಅದರ ಅರ್ಥ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ಲಬ್‌ಗಳಲ್ಲಿರುವ ಅಂಗವಿಕಲ ಬೆಂಬಲಿಗರ ಸಣ್ಣಪುಟ್ಟ ಸಂಘಗಳಿಗೆಲ್ಲ ಇದು ಆಸರೆ. ಕ್ಲಬ್ಬಿನವರಿಗೆ ಎಲ್ಲಿ ಏನು ಸರಿಯಿಲ್ಲವೆಂದು ಹೇಳಿಕೊಡುತ್ತದೆ, ಅಭಿಮಾನಿಗಳಿಗೆ ಯಾವ ಮೈದಾನದಲ್ಲಿ ಏನು ಸಿಗುತ್ತದೆಂದು ತಿಳಿಸುತ್ತದೆ, ಬೇಕಾದಾಗ ಸರ್ಕಾರದ ಬಾಗಿಲನ್ನೂ ತಟ್ಟುತ್ತದೆ. ಈ ಸಂಘಗಳಲ್ಲಿ ಕೆಲವು ಇದಕ್ಕಿಂತಲೂ ಹಳೆಯವು. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಂಗವಿಕಲ ಬೆಂಬಲಿಗರ ಸಂಘ 1989ರದ್ದು.

ಅದಕ್ಕೂ ಮುಂಚೆ ಏನಿತ್ತು? 1960-70ರ ದಶಕದ ಹಳೆಯ ಫೋಟೊಗಳನ್ನು ನೋಡಿದರೆ ಮೈದಾನದ ಅಂಚಿನಲ್ಲಿ, ಗೋಲುಕಂಬದ ಆಸುಪಾಸು, ತಿಳಿನೀಲಿ ಬಣ್ಣದ ಪುಟ್ಟ ಮೂರು ಗಾಲಿಯ ಬಂಡಿಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಅಂಗವಿಕಲರಿಗೆಂದು ಸರ್ಕಾರ ಕೊಡುತ್ತಿದ್ದ, ಒಬ್ಬರೇ ಕೂರಬಹುದಾದ ‘ಇನ್ವಾಕಾರ್’ ಅದು. ಬಂಡಿಯನ್ನು ನೇರ ಮೈದಾನದ ಪಕ್ಕಕ್ಕೇ ತಂದು ನಿಲ್ಲಿಸಿ, ಗಾಜಿನ ಒಳಗಿಂದಲೇ ಆಟ ನೋಡುತ್ತಿದ್ದರು. ಜೊತೆಗೆ ಸ್ನೇಹಿತ ಕೂರುವಂತಿಲ್ಲ, ಮಳೆ ಬಂದರೆ ಗಾಜು ಮಬ್ಬು. ಆದರೂ ಅವರು ಬರುತ್ತಿದ್ದರು. ಕಣ್ಣು ಕಾಣದವರ ಕತೆಯೂ ಇದೇ ಬಗೆಯದು. ಆಸ್ಪತ್ರೆಯಲ್ಲಿ ಮಲಗಿದ ರೋಗಿಗಳಿಗಾಗಿ 1950ರ ದಶಕದಲ್ಲಿ ಸ್ವಯಂಸೇವಕರು ಮೈದಾನದಿಂದ ದೂರವಾಣಿ ತಂತಿಯ ಮೂಲಕ ವೀಕ್ಷಕ ವಿವರಣೆ ಕಳಿಸುತ್ತಿದ್ದರು. ಅದನ್ನೇ ಮೈದಾನದಲ್ಲಿ ಕೂತ ಅಂಧ ಅಭಿಮಾನಿಗಳೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳತೊಡಗಿದರು. ಇವತ್ತು ಇಂಗ್ಲೆಂಡ್‌ನ ಎಷ್ಟೋ ಕ್ಲಬ್‌ಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ವಿವರಣೆಕಾರರಿದ್ದಾರೆ. ರೇಡಿಯೊದವರಂತೆ ಇವರು ಹಳೆಯ ಪಂದ್ಯಗಳ ನೆನಪಿಗೆ ಜಾರುವುದಿಲ್ಲ, ಅಂಕಿಸಂಖ್ಯೆ ಹೇಳುತ್ತಾ ಕೂರುವುದಿಲ್ಲ. ಚೆಂಡು ಈಗ ಎಲ್ಲಿದೆ, ಯಾರ ಕಾಲಲ್ಲಿದೆ, ಗೋಲಿನಿಂದ ಎಷ್ಟು ದೂರ, ಇದನ್ನು ಬಿಡದೆ ಹೇಳುತ್ತಾ ಹೋಗುತ್ತಾರೆ. ಪಕ್ಕದವರು ‘ಓ’ ಎಂದು ಕೂಗಿದಾಗ ಏಕೆ ಕೂಗಿದರೆಂದು ಅದೇ ಕ್ಷಣ ತಿಳಿಯಬೇಕು, ತಾನೂ ಅವರೊಡನೆ ಕೂಗಬೇಕು.

ಮನೆಯಲ್ಲೇ ಕೂತು ಟಿವಿಯಲ್ಲಿ ನೋಡಬಹುದಲ್ಲ ಎಂದು ನಮಗೆ ಅನ್ನಿಸುವುದು ಸಹಜ. ಇಲ್ಲೊಂದು ವಿಚಿತ್ರವಿದೆ. ಚಳಿಗಾಲದ ಶನಿವಾರ ರಾತ್ರಿ ಎಂಟೂವರೆಗೆ ಬೆಂಗಳೂರಿನಲ್ಲಿ ನಾವು ನೇರಪ್ರಸಾರದಲ್ಲಿ ನೋಡುವ ಪ್ರೀಮಿಯರ್ ಲೀಗ್ ಪಂದ್ಯ ಅಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗಿರುತ್ತದೆ. ಆ ಹೊತ್ತಿನ ಪಂದ್ಯವನ್ನು ಬ್ರಿಟನ್ನಿನ ಟಿವಿಯಲ್ಲಿ ತೋರಿಸುವುದಿಲ್ಲ. ಶನಿವಾರ 2.45ರಿಂದ 5.15ರವರೆಗೆ ಫುಟ್‌ಬಾಲ್ ನೇರಪ್ರಸಾರ ಇಲ್ಲವೆಂಬುದು ಅಲ್ಲಿ 1960ರ ದಶಕದಿಂದ ಬಂದ ಕಟ್ಟಳೆ. ಜನ ಟಿವಿ ಮುಂದೆ ಕೂತುಬಿಟ್ಟರೆ ಸಣ್ಣ ಕ್ಲಬ್‌ಗಳ ಮೈದಾನ ಖಾಲಿಯಾದೀತೆಂಬ ಆತಂಕ ಅದರ ಹಿಂದಿದೆ. ಕಾಳಜಿ ಸರಿಯಾದದ್ದೇ. ಆದರೆ ಮ್ಯಾಂಚೆಸ್ಟರಿನಲ್ಲೇ ಹುಟ್ಟಿ, ಮೈದಾನದಿಂದ ಎರಡು ಮೈಲಿ ದೂರದಲ್ಲಿ ಗಾಲಿಕುರ್ಚಿಯಲ್ಲಿ ಕೂತಿರುವವನಿಗೆ ಒಳಗೆ ಜಾಗವಿಲ್ಲವೆಂದಾದರೆ, ಜಯನಗರದ ಹುಡುಗನೊಬ್ಬ ಸೋಫಾದ ಮೇಲೆ ಕಾಲು ಚಾಚಿ ನೋಡುವ ಆಟ ಅವನಿಗೆ ಇಲ್ಲ. ಇದು ತಿಳಿದ ಮೇಲೆ ಆ ಪಂದ್ಯಗಳನ್ನು ನಾನು ಮೊದಲಿನಂತೆ ನೋಡಲಾರೆ.

ಎಷ್ಟು ಜಾಗ ಬೇಕು ಎಂಬುದಕ್ಕೆ ಲೆಕ್ಕವಿಲ್ಲದೇ ಇಲ್ಲ. 2003ರಲ್ಲಿ ‘ಆಕ್ಸೆಸಿಬಲ್ ಸ್ಟೇಡಿಯಾ’ ಎಂಬ ಕೈಪಿಡಿ ಬಂತು. ಹತ್ತು ಸಾವಿರ ಜನರ ಮೈದಾನವಾದರೆ ಕನಿಷ್ಠ 100 ಗಾಲಿಕುರ್ಚಿಗಳಿಗೆ ಜಾಗ. ಅಲ್ಲಿಂದ ಮೇಲೆ ಪ್ರತಿ ಸಾವಿರಕ್ಕೆ ಐದು, ಇಪ್ಪತ್ತು ಸಾವಿರ ದಾಟಿದ ಮೇಲೆ ಸಾವಿರಕ್ಕೆ ಮೂರು, ನಲವತ್ತು ಸಾವಿರ ದಾಟಿದ ಮೇಲೆ ಸಾವಿರಕ್ಕೆ ಎರಡು. 2007ರಲ್ಲಿ ತೆರೆದ ಹೊಸ ವೆಂಬ್ಲಿಯಲ್ಲಿ ತೊಂಬತ್ತು ಸಾವಿರ ಆಸನಗಳು, 310 ಗಾಲಿಕುರ್ಚಿಯ ಜಾಗಗಳು, ಸೂತ್ರಕ್ಕೆ ಸರಿಯಾಗಿ. ಸಂಖ್ಯೆಯಷ್ಟೇ ಸಾಲದು ಎಂದೂ ಕೈಪಿಡಿ ಹೇಳುತ್ತದೆ. ಜಾಗಗಳು ಒಂದೇ ಮೂಲೆಯಲ್ಲಿ ಗುಂಪಾಗಿರಬಾರದು, ಬೇರೆ ಬೇರೆ ಕಡೆ, ಬೇರೆ ಬೇರೆ ಎತ್ತರದಲ್ಲಿರಬೇಕು. ಜೊತೆಗೆ ಬಂದವರು ಹಿಂದೆ ಅಲ್ಲ, ಪಕ್ಕದಲ್ಲಿ ಕೂರಬೇಕು. ಮುಂದಿನವರು ಎದ್ದು ನಿಂತರೂ ಅವರ ತಲೆಯ ಮೇಲಿಂದ ಚೆಂಡು ಕಾಣುವಷ್ಟು ಎತ್ತರದಲ್ಲಿ ಗಾಲಿಕುರ್ಚಿಗಳ ಕಟ್ಟೆ ಇರಬೇಕು.

ಹೊಸದಾಗಿ ಕಟ್ಟುವಾಗ ಇದೆಲ್ಲ ಸುಲಭ. ಹಳೆಯದನ್ನು ತಿದ್ದುವಾಗಲೇ ಹಣದ ಮಾತು ಬರುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನವಾದ ಓಲ್ಡ್ ಟ್ರಾಫರ್ಡ್‌ನ ಉದಾಹರಣೆ ತೆಗೆದುಕೊಳ್ಳಿ. ಆಗ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಕೂರುತ್ತಿದ್ದ ಈ ಮೈದಾನಕ್ಕೆ ಸೂತ್ರದಂತೆ ಸುಮಾರು 280 ಜಾಗ ಬೇಕಿತ್ತು. ಇದ್ದದ್ದು ನೂರಕ್ಕೆ ತುಸು ಮೇಲೆ. ಹಾಗಾಗಿ ಗಾಲಿಕುರ್ಚಿಯ ಅಭಿಮಾನಿಗಳಿಗೆ ಟಿಕೆಟ್ ಸರದಿಯ ಪ್ರಕಾರ ಸಿಗುತ್ತಿತ್ತು, ಈ ಪಂದ್ಯ ನಿಮಗೆ, ಮುಂದಿನದು ಅವರಿಗೆ ಎಂಬಂತೆ. 2017ರಲ್ಲಿ ಕ್ಲಬ್ಬು ಅಂಗವಿಕಲರಿಗೆ ಸುಮಾರು 300 ಹೊಸ ಸ್ಥಳಗಳ ಯೋಜನೆ ಪ್ರಕಟಿಸಿತು. ಇದಕ್ಕಾಗಿ ತೆಗೆಯಬೇಕಾದ ಸಾಮಾನ್ಯ ಕುರ್ಚಿಗಳು ಸುಮಾರು 2,600. ಅಂದರೆ ಒಂದು ಸ್ಥಳಕ್ಕೆ ಎಂಟೊಂಬತ್ತು ಕುರ್ಚಿ. ಮೊದಲು ಓದಿದಾಗ ಈ ಸಂಖ್ಯೆ ನನಗೆ ನಂಬಲಾಗಲಿಲ್ಲ. ಆದರೆ ಯೋಚಿಸಿ ನೋಡಿ: ಗಾಲಿಕುರ್ಚಿಗೆ ಅಗಲ 900, ಉದ್ದ 1400 ಮಿಲಿಮೀಟರಾದರೂ ಬೇಕು, ಪಕ್ಕದಲ್ಲಿ ಸಂಗಾತಿಗೆ ಕುರ್ಚಿ, ಹಿಂದೆ ತಿರುಗಿಸಿಕೊಳ್ಳಲು ದಾರಿ. ಕಟ್ಟೆಯನ್ನು ಎತ್ತರಿಸಿದರೆ ಅದರ ಹಿಂದಿನ ಸಾಲುಗಳಿಗೆ ಮರೆಯಾಗುತ್ತದೆ, ಅವೂ ಹೋಗಬೇಕು. ತೆಗೆದ ಪ್ರತಿ ಕುರ್ಚಿಯೂ ಒಂದು ಸೀಸನ್ ಟಿಕೆಟ್ಟು. ಅಲ್ಲಿ ಇಪ್ಪತ್ತು ವರ್ಷದಿಂದ ಅಪ್ಪ ಮಗ ಕೂರುತ್ತಿದ್ದಿರಬಹುದು. ಅವರನ್ನು ಎಬ್ಬಿಸುವುದು ಕ್ಲಬ್ಬಿಗೂ ಸುಲಭವಲ್ಲ, ಆದ್ದರಿಂದಲೇ ಕೆಲಸವನ್ನು ಮೂರು ಸೀಸನ್‌ಗಳಿಗೆ ಹಂಚಲಾಯಿತು.

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಆ ಕ್ಲಬ್ಬಿನ ಆದಾಯ 2015-16ರಲ್ಲಿ 51 ಕೋಟಿ ಪೌಂಡ್ ದಾಟಿತ್ತು. ಪ್ರೀಮಿಯರ್ ಲೀಗ್ 2016ರಿಂದ ಮೂರು ವರ್ಷಗಳಿಗೆ ಬ್ರಿಟನ್ನಿನೊಳಗಿನ ಟಿವಿ ಹಕ್ಕನ್ನು ಮಾರಿದ್ದು 513.6 ಕೋಟಿ ಪೌಂಡಿಗೆ, ನಮ್ಮ ಲೆಕ್ಕದಲ್ಲಿ ಐವತ್ತು ಸಾವಿರ ಕೋಟಿ ರೂಪಾಯಿಯ ಹತ್ತಿರ. ಅಂಗವಿಕಲರಿಗೆ ತಾರತಮ್ಯ ಮಾಡಬಾರದೆಂಬ ಕಾನೂನು 1995ರಲ್ಲೇ ಬಂದಿತ್ತು. 2010ರ ಸಮಾನತಾ ಕಾಯ್ದೆ ಅದನ್ನು ತನ್ನೊಳಗೆ ಸೇರಿಸಿಕೊಂಡು, ಸೇವೆ ಕೊಡುವವರು ‘ಸಮಂಜಸ ಮಾರ್ಪಾಡು’ ಮಾಡಿಕೊಳ್ಳಬೇಕು ಎನ್ನುತ್ತದೆ. ಸಮಂಜಸ ಎಂದರೆ ಯಾರಿಗೆ ಎಷ್ಟು? ಬೀದಿ ಕೊನೆಯ ಚಹಾದಂಗಡಿಗೂ ಒಬ್ಬ ಆಟಗಾರನಿಗೆ ವಾರಕ್ಕೆ ಲಕ್ಷಗಟ್ಟಲೆ ಪೌಂಡ್ ಸಂಬಳ ಕೊಡುವ ಕ್ಲಬ್ಬಿಗೂ ಅಳತೆಗೋಲು ಒಂದೇ ಆಗಲಾರದು. ದೊಡ್ಡ ಕ್ಲಬ್‌ಗಳಲ್ಲಿ ಹಣದ ಕೊರತೆ ಯಾವತ್ತೂ ಇರಲಿಲ್ಲ. ಕೊರತೆಯಿದ್ದದ್ದು, ಗಾಲಿಕುರ್ಚಿಯಲ್ಲಿ ಬರುವವನೂ ತನ್ನ ಗಿರಾಕಿ, ತನ್ನ ಅಭಿಮಾನಿ ಎಂಬ ತಿಳಿವಳಿಕೆಯದು.

ಒತ್ತಡ ಬಿದ್ದಿದ್ದು ಹಲವು ಕಡೆಯಿಂದ. ಬಿಬಿಸಿ 2014ರಲ್ಲಿ ಕ್ಲಬ್‌ಗಳ ಸ್ಥಿತಿಯನ್ನು ಬಯಲಿಗೆ ತಂದಿತು. ಸಂಸತ್ತಿನ ಮೇಲ್ಮನೆಯಲ್ಲಿ ಲಾರ್ಡ್ ಫಾಕ್‌ನರ್ ಇದೇ ವಿಷಯದ ಮೇಲೆ ಖಾಸಗಿ ಮಸೂದೆ ತಂದರು. 2015ರ ಸೆಪ್ಟೆಂಬರ್‌ನಲ್ಲಿ ಪ್ರೀಮಿಯರ್ ಲೀಗ್‌ನ ಕ್ಲಬ್‌ಗಳು 2017ರ ಆಗಸ್ಟ್ ಒಳಗೆ ಕೈಪಿಡಿಯ ಮಟ್ಟ ಮುಟ್ಟುತ್ತೇವೆಂದು ಮಾತು ಕೊಟ್ಟವು. 2017ರ ಜನವರಿಯಲ್ಲಿ ಸಂಸತ್ತಿನ ಸಮಿತಿಯೊಂದು ಕ್ಲಬ್‌ಗಳ ನಿಧಾನಗತಿಯನ್ನು ಕಟುವಾಗಿ ಟೀಕಿಸಿತು, ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಿತು. ಗಡುವು ಬಂದಾಗ ಎಲ್ಲರೂ ಮುಟ್ಟಿರಲಿಲ್ಲ. ಆದರೂ ಆ ಎರಡು ವರ್ಷಗಳಲ್ಲಿ ಆದಷ್ಟು ಕೆಲಸ ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಆಗಿರಲಿಲ್ಲ.

ಕೆಳಗಿನ ಲೀಗ್‌ಗಳ ಕತೆ ಬೇರೆಯೇ. ಅಲ್ಲಿ ಹಣ ನಿಜವಾಗಿಯೂ ಇಲ್ಲ. ನೂರು ವರ್ಷದ ಇಟ್ಟಿಗೆ ಗ್ಯಾಲರಿ, ತಗಡಿನ ಚಾವಣಿ, ಒಂದೇ ಇಕ್ಕಟ್ಟಿನ ಬಾಗಿಲು. ಇಂಥ ಕಡೆ ನಿಧಿಗಳು ಕೆಲಸಕ್ಕೆ ಬರುತ್ತವೆ, ಮತ್ತು ಆ ನಿಧಿಗಳ ಮೂಲದಲ್ಲಿ ಒಂದು ದುರಂತವಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕವರಲ್ಲಿ ಒಟ್ಟು 97 ಜನ ಪ್ರಾಣ ಕಳೆದುಕೊಂಡರು. ಮರುವರ್ಷ ನ್ಯಾಯಮೂರ್ತಿ ಟೇಲರ್ ವರದಿ ಬಂದು, ನಿಂತು ನೋಡುವ ಕಟ್ಟೆಗಳ ಬದಲು ಎಲ್ಲರಿಗೂ ಆಸನ ಹಾಕಬೇಕೆಂದಿತು. ಹಣಕ್ಕೆ ಸರ್ಕಾರ ಒಂದು ದಾರಿ ಹುಡುಕಿತು. ಪಂದ್ಯಗಳ ಫಲಿತಾಂಶ ಊಹಿಸುವ ‘ಪೂಲ್ಸ್’ ಬಾಜಿಯ ಮೇಲಿನ ತೆರಿಗೆಯನ್ನು ಶೇ 42.5ರಿಂದ ಶೇ 40ಕ್ಕೆ ಇಳಿಸಿ, ಉಳಿದದ್ದನ್ನು ಫುಟ್‌ಬಾಲ್ ಟ್ರಸ್ಟ್‌ಗೆ ಕೊಡಿಸಿತು. ಐದು ವರ್ಷದಲ್ಲಿ ಹತ್ತು ಕೋಟಿ ಪೌಂಡ್ ಎಂಬ ಅಂದಾಜಿತ್ತು. 2000ದಲ್ಲಿ ಟ್ರಸ್ಟ್‌ನ ಜಾಗಕ್ಕೆ ಫುಟ್‌ಬಾಲ್ ಫೌಂಡೇಷನ್ ಬಂತು, ಕ್ರೀಡಾಂಗಣಗಳ ಸುಧಾರಣೆಗೆಂದೇ ಅದರ ಜೊತೆಗೊಂದು ನಿಧಿಯಾಯಿತು. ಪ್ರೀಮಿಯರ್ ಲೀಗ್‌ನ ಹಣ ಈ ನಿಧಿಯ ಮೂಲಕ ಕೆಳಗಿನ ಕ್ಲಬ್‌ಗಳಿಗೆ ಹರಿಯುತ್ತದೆ. ಮೇಲೆ ಹೇಳಿದ ಕೈಪಿಡಿಯನ್ನು ಹೊರತಂದವರಲ್ಲಿ ಈ ನಿಧಿಯೂ ಒಂದು. ಹಣ ಕೊಡುವವರೇ ಅಳತೆಯನ್ನೂ ಬರೆದರೆ ಕಟ್ಟುವವರು ತಪ್ಪಿಸಿಕೊಳ್ಳುವುದು ಕಷ್ಟ.

ನಿಧಿಯಿಂದ ಪೂರ್ತಿ ಖರ್ಚು ಸಿಗುವುದಿಲ್ಲ, ಒಂದು ಪಾಲನ್ನು ಕ್ಲಬ್ಬು ಹಾಕಬೇಕು. ಆಗ ಅಭಿಮಾನಿಗಳು ಪಂದ್ಯದ ದಿನ ಗೇಟಿನಲ್ಲಿ ಬಕೆಟ್ ಹಿಡಿದು ನಿಲ್ಲುತ್ತಾರೆ, ಲಾಟರಿ ಚೀಟಿ ಮಾರುತ್ತಾರೆ, ರಸಪ್ರಶ್ನೆ ನಡೆಸುತ್ತಾರೆ. ಹೀಗೆ ಕೂಡಿದ ಚಿಲ್ಲರೆಯಿಂದ ಹೆಡ್‌ಸೆಟ್ ಬರುತ್ತದೆ, ಗಾಲಿಕುರ್ಚಿಯ ಕಟ್ಟೆಗೊಂದು ಮಳೆಮರೆ ಬರುತ್ತದೆ. ಆ ಬಕೆಟ್ ಹಿಡಿದ ಕೈಗಳ ಬಗ್ಗೆ ನನಗೆ ಅಪಾರ ಗೌರವ. ಆದರೆ ಮನುಷ್ಯನೊಬ್ಬ ಶೌಚಕ್ಕೆ ಹೋಗುವುದು ಬಕೆಟ್ಟಿಗೆ ಬಿದ್ದ ನಾಣ್ಯದ ಮೇಲೆ ನಿಂತಿರಬಾರದು.

ಶೌಚಾಲಯದ ಮಾತನ್ನು ಬಿಡಿಸಿಯೇ ಹೇಳಬೇಕು, ಮುಜುಗರವೆಂದು ನಾವು ದಾಟಿಸುವ ವಿಷಯ ಅದು. ಹಿಡಿಕೆ ಹಾಕಿ ಬಾಗಿಲು ಅಗಲ ಮಾಡಿದ ಶೌಚಾಲಯ ಎಲ್ಲರಿಗೂ ಸಾಲುವುದಿಲ್ಲ. ತೀವ್ರ ಅಂಗವೈಕಲ್ಯವಿರುವ ದೊಡ್ಡವರ ಬಟ್ಟೆ ಬದಲಿಸಲು ಮಲಗಿಸುವ ಹಲಗೆ ಬೇಕು, ಎತ್ತಿ ಇಳಿಸಲು ಚಾವಣಿಯಿಂದ ಇಳಿಬಿಟ್ಟ ಎತ್ತುಯಂತ್ರ ಬೇಕು, ಇಬ್ಬರು ಸಹಾಯಕರು ನಿಲ್ಲುವಷ್ಟು ಸ್ಥಳ ಬೇಕು. ಸುಮಾರು ಹನ್ನೆರಡು ಚದರ ಮೀಟರ್. 2006ರಿಂದ ‘ಚೇಂಜಿಂಗ್ ಪ್ಲೇಸಸ್’ ಎಂಬ ಅಭಿಯಾನ ಇಂಥ ಕೋಣೆಗಳಿಗಾಗಿ ನಡೆದಿದೆ, 2021ರಿಂದ ಇಂಗ್ಲೆಂಡ್‌ನಲ್ಲಿ ಹೊಸದಾಗಿ ಕಟ್ಟುವ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಅದು ಕಡ್ಡಾಯವಾಗಿದೆ. ಇಂಥ ಕೋಣೆ ಇಲ್ಲದ ಕಡೆ ಒಂದೋ ತಾಯಿ ಇಪ್ಪತ್ತು ವರ್ಷದ ಮಗನನ್ನು ನೆಲದ ಮೇಲೆ ಮಲಗಿಸಬೇಕು, ಇಲ್ಲವೇ ಮಗ ಬೆಳಗಿನಿಂದ ನೀರು ಕುಡಿಯದೆ ಆಟಕ್ಕೆ ಬರಬೇಕು.

ಎಲ್ಲ ಅಂಗವೈಕಲ್ಯವೂ ಗಾಲಿಕುರ್ಚಿಯಲ್ಲಿ ಕೂತಿರುವುದಿಲ್ಲ. ಆಟಿಸಂ ಇರುವ ಮಗುವಿಗೆ ಐವತ್ತು ಸಾವಿರ ಜನರ ಗದ್ದಲ ಮೈಮೇಲೆ ಬಿದ್ದ ಬಂಡೆಯಂತೆ. ಸಂಡರ್‌ಲೆಂಡ್‌ನ ಸ್ಟೇಡಿಯಂ ಆಫ್ ಲೈಟ್‌ನಲ್ಲಿ 2015ರಲ್ಲಿ ಇಂಥ ಮಕ್ಕಳಿಗಾಗಿ ಒಂದು ಕೋಣೆ ತೆರೆಯಿತು. ಸದ್ದು ತಗ್ಗಿಸಿದ, ಮೃದು ಬೆಳಕಿನ ಕೋಣೆ, ಮೈದಾನದ ಕಡೆಗೊಂದು ದೊಡ್ಡ ಗಾಜು. ಹುಟ್ಟುಹಾಕಿದ್ದು ಅಂಥದೇ ಮಗುವಿದ್ದ ಒಂದು ಕುಟುಂಬದ ಹಂಬಲ. ಆಮೇಲೆ ಕ್ಲಬ್ಬಿನಿಂದ ಕ್ಲಬ್ಬಿಗೆ ಹಬ್ಬಿತು.

ಎದುರಾಳಿ ಊರಿಗೆ ಹೋಗುವ ಅಭಿಮಾನಿಗಳ ಪಾಡು ಇನ್ನೂ ಪೂರ್ತಿ ಸರಿಹೋಗಿಲ್ಲ. ಗಾಲಿಕುರ್ಚಿಯ ಜಾಗ ಒಂದೇ ಕಡೆಯಿದ್ದಾಗ ಅವರನ್ನು ಆತಿಥೇಯ ತಂಡದವರ ನಡುವೆ ಕೂರಿಸಿಬಿಡುತ್ತಿದ್ದರು. ತನ್ನ ತಂಡ ಗೋಲು ಹೊಡೆದರೆ ಬಾಯಿ ಬಿಗಿಹಿಡಿದು ಕೂರಬೇಕು. ಈಗ ಇದನ್ನೆಲ್ಲ ನೋಡಿಕೊಳ್ಳಲು ಕ್ಲಬ್ಬಿನಲ್ಲೇ ಒಬ್ಬರಿರಬೇಕು. ಯುರೋಪಿನ ಟೂರ್ನಿ ಆಡುವ ಕ್ಲಬ್‌ಗಳು ಅಂಗವಿಕಲರಿಗಾಗಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕೆಂದು ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2015ರಲ್ಲಿ ತನ್ನ ಪರವಾನಗಿ ನಿಯಮಕ್ಕೇ ಸೇರಿಸಿತು.

ಮ್ಯಾಂಚೆಸ್ಟರ್ ಯುನೈಟೆಡ್ 2025ರ ಮಾರ್ಚ್‌ನಲ್ಲಿ ಒಂದು ಲಕ್ಷ ಜನರ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆ ಪ್ರಕಟಿಸಿತು. ಹಳೆಯ ಸೂತ್ರ ಹಾಕಿದರೆ ಗಾಲಿಕುರ್ಚಿಗಳಿಗೆ 330 ಜಾಗ ಬರುತ್ತದೆ. ಅದು ಕನಿಷ್ಠ. ಕಾಗದದ ಮೇಲೆ ಗೆರೆ ಎಳೆಯುವಾಗ ಯಾರ ಕುರ್ಚಿಯನ್ನೂ ಕೀಳಬೇಕಾಗಿಲ್ಲ, ಯಾವ ಅಪ್ಪ ಮಗನನ್ನೂ ಎಬ್ಬಿಸಬೇಕಾಗಿಲ್ಲ. ಆ ಕಟ್ಟೆ ಎಷ್ಟು ಎತ್ತರವಿರಬೇಕು ಎಂಬುದನ್ನು ಸರದಿಯ ಟಿಕೆಟ್ ಹಿಡಿದು ಓಲ್ಡ್ ಟ್ರಾಫರ್ಡ್‌ಗೆ ಬರುತ್ತಿದ್ದವರನ್ನೇ ಕೇಳಬಹುದು.